ಅಕ್ಕನ ಮನೆಯ ಏಸಿ

ಏಸಿ ರಿಪೇರಿಯವನನ್ನು ಪೇಟೆಯವರೆಲ್ಲ ಗುದ್ದಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತೋ ಏನೋ. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಇವನಿಗೆ ನೇರ ಮುಷ್ಟಿಯಲ್ಲೇ ಇತ್ತು. ಬಸ್ಸಿನಲ್ಲಿ ಮುದುಕಿಯೊಬ್ಬಳ ಕಾಲು ತುಳಿದು ಹಲ್ಲು ಕಿರಿದವನ ಆ ಹಲ್ಲನ್ನೇ ಉದುರಿಸಿದ್ದ. ಏಣಿ ಹಿಡಿದುಕೊಳ್ಳಿ ಎಂದರೆ ಫೋನು ಹಿಡಿದುಕೊಂಡು ಕೂತ ಮನೆ ಯಜಮಾನನನ್ನು ಅದೇ ಏಣಿಯಿಂದ ಗೋಡೆಗೆ ಒತ್ತಿ ನಿಲ್ಲಿಸಿದ್ದ. ಎರಡು ಸಲ ಲಾಕಪ್ಪು ಕಂಡಿದ್ದ. ಇನ್ನೊಂದು ಸಲ ಬಂದರೆ ಹೊರಗೆ ಹೋಗುವ ಮಾತೇ ಇಲ್ಲ ಎಂದು ಪೊಲೀಸಿನವನು ಬಿಡಿಸಲು ಬಂದ ಅಕ್ಕನ ಮುಖಕ್ಕೇ ಹೇಳಿ ಕಳಿಸಿದ್ದ. ಆದರೂ ಬೇಸಿಗೆ ಬಂತೆಂದರೆ ಜನ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮನುಷ್ಯರಿಗೆ ಹೇಗೋ ಏನೋ, ಯಂತ್ರದ ಮೇಲೆ ಅವನ ಕೈ ಹೂವಿನಷ್ಟು ಮೆತ್ತಗೆ ಓಡಾಡುತ್ತಿತ್ತು.

ಆ ವಿದ್ಯೆ ಬಂದದ್ದು ಏಟಿನ ಜೊತೆಗೇ. ಕೆಲಸ ಕಲಿಸಿದ ಮೇಸ್ತ್ರಿ ದಂಡಂ ದಶಗುಣಂ ಎಂದು ನಂಬಿದವನು. ತಪ್ಪು ಸ್ಕ್ರೂ ಬಿಚ್ಚಿದರೆ ತಾಮ್ರದ ಪೈಪಿನಿಂದ ಬೆನ್ನಿಗೆ, ಸರಿಯಾದ ಸ್ಕ್ರೂ ಬಿಚ್ಚಿದರೆ ತಡವಾಯಿತೆಂದು ತಲೆಗೆ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರು. ಸಂಜೆ ಅವನ ಅಂಗಿ ಬಿಚ್ಚಿಸಿ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬಾಸುಂಡೆಗಳಿಗೆ ಒತ್ತುತ್ತಿದ್ದವಳು ಅಕ್ಕ. ಒತ್ತುತ್ತ, ಅಳುತ್ತ, ಮೇಸ್ತ್ರಿಯ ಕೈಗೆ ಹುಳ ಬೀಳಲಿ ಎಂದು ಶಪಿಸುತ್ತಿದ್ದಳು. ಅವನ ಪಾಲಿಗೆ ಅವಳು ಅಕ್ಕನೂ ಹೌದು, ಅಮ್ಮನೂ ಹೌದು. ಅವಳಿಗಾಗಿ ಅವನು ಜೀವ ಕೊಡುತ್ತಿದ್ದ, ಬೇರೆಯವರ ಜೀವವನ್ನಂತೂ ಯೋಚನೆಯೇ ಮಾಡದೆ ತೆಗೆಯುತ್ತಿದ್ದ.

ಅಕ್ಕನ ಮದುವೆಗೆ ಅವನು ಕೊಟ್ಟ ಉಡುಗೊರೆ ಏಸಿ. ಅವಳ ಮಲಗುವ ಕೋಣೆಯ ಗೋಡೆಯನ್ನು ತಾನೇ ಕೊರೆದು, ತಾನೇ ಕೂರಿಸಿದ. ತಂಪು ಸೋರಬಾರದೆಂದು ಕಿಟಕಿಗಳ ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿ, "ಇನ್ನು ಇಲ್ಲಿಂದ ಒಂದು ಉಸಿರೂ ಆಚೆ ಹೋಗಲ್ಲ ಅಕ್ಕಾ" ಎಂದು ಎದೆಯುಬ್ಬಿಸಿದ. ಭಾವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಇಸ್ತ್ರಿ ಕೆಡದ ಅಂಗಿ, ಬೆಣ್ಣೆಯಂಥ ಮಾತು. ಗುದ್ದಣ್ಣ ದನಿ ತಗ್ಗಿಸಿ ಮಾತಾಡುತ್ತಿದ್ದುದು ಲೋಕದಲ್ಲಿ ಅವನೊಬ್ಬನ ಎದುರಿಗೇ. ಕೆಲವು ವರ್ಷಕ್ಕೆ ಏಸಿಯ ಒಳಗಿನ ಫ್ಯಾನು ಗರಗರ ಅನ್ನತೊಡಗಿತು. ಸರಿಮಾಡಲು ಹೋದರೆ ಭಾವ ಬೇಡವೆಂದ. "ಇರ್ಲಿ ಬಿಡೋ, ಆ ಸದ್ದಿದ್ರೇನೇ ನಂಗೆ ನಿದ್ದೆ." ಎಂಥೆಂಥ ಜನ ಇರುತ್ತಾರಪ್ಪ ಎಂದು ಗುದ್ದಣ್ಣ ನಕ್ಕು ವಾಪಸು ಬಂದ. ನಗಬಾರದಿತ್ತು.

ಈ ಬೇಸಿಗೆಯಲ್ಲಿ ಭಾವನೇ ಫೋನು ಮಾಡಿದ. ಫ್ಯಾನು ನಿಂತುಹೋಗಿದೆ, ಇವತ್ತೇ ಬಾ ಎಂದ. ಗುದ್ದಣ್ಣ ಮಧ್ಯಾಹ್ನದ ಬಿಸಿಲಿನಲ್ಲಿ ಹೋದಾಗ ಕೋಣೆಯ ಕಿಟಕಿಗಳು ಹಾರುಹೊಡೆದಿದ್ದವು. ಎದುರು ಮನೆಯ ಅಜ್ಜಿ ಕೆಮ್ಮಿದ್ದು ಪಕ್ಕದಲ್ಲೇ ಕೂತು ಕೆಮ್ಮಿದಂತೆ ಕೇಳುತ್ತಿತ್ತು. ಭಾವ ಹಾಲಿನಲ್ಲಿ ಟಿವಿ ಮುಂದಿದ್ದ. ಅಕ್ಕ ಸ್ಟೂಲು ತಂದಿಟ್ಟು ಅದರ ಕಾಲು ಹಿಡಿದುಕೊಂಡಳು. ಅಂಥ ಸೆಕೆಯಲ್ಲೂ ಅವಳು ಮಣಿಕಟ್ಟು ಮುಚ್ಚುವ ತೋಳಿನ ಅಂಗಿ ತೊಟ್ಟಿದ್ದಳು.

ಅವನು ರಿಮೋಟ್ ಒತ್ತಿದ. ಫ್ಯಾನು ಗರಗರ ತಿರುಗಿತು, ಸ್ವಲ್ಪ ಹೊತ್ತು ಓಡಿತು, ತಟ್ಟನೆ ನಿಂತಿತು. ಏಸಿಯ ಪುಟ್ಟ ದೀಪ ಮಿಣುಕತೊಡಗಿತು. ಮೋಟಾರು ಸುಟ್ಟಿದ್ದರೆ ತಿರುಗುತ್ತಲೇ ಇರಲಿಲ್ಲ. ತಿರುಗಿ ನಿಲ್ಲುತ್ತದೆಂದರೆ, ನಾನು ತಿರುಗುತ್ತಿದ್ದೇನೆ ಎಂದು ಮೋಟಾರು ಕಳಿಸುವ ಸುದ್ದಿ ಒಳಗಿನ ಬೋರ್ಡಿಗೆ ಮುಟ್ಟುತ್ತಿಲ್ಲ. ಸುದ್ದಿ ಬರದಿದ್ದರೆ ಬೋರ್ಡು ಗಾಬರಿಬಿದ್ದು ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಅವನು ಮೇನ್ ಸ್ವಿಚ್ ಆರಿಸಿ, ಮುಂದಿನ ಕವಚ ಬಿಚ್ಚಿ, ಉರುಳೆಯಂಥ ಫ್ಯಾನನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಬೇರಿಂಗ್ ಸವೆದಿತ್ತು, ಆದರೆ ಎಲ್ಲೂ ಹಿಡಿಯಲಿಲ್ಲ. ಬೋರ್ಡಿಗೆ ಹೋಗುವ ಸಣ್ಣ ತಂತಿಗಳನ್ನು ಒಂದೊಂದಾಗಿ ಸವರುತ್ತ ಹೋದ. ಸುದ್ದಿ ಒಯ್ಯುವ ತಂತಿ ತುಂಡಾಗಿತ್ತು.

"ಇಲಿ ಕಣಕ್ಕ. ಪಾಪ, ಅದಕ್ಕೂ ಒಂದು ತುತ್ತು ಹಾಕಬಾರ್ದಾ ನೀನು?" ಎಂದು ಟಾರ್ಚನ್ನು ಹತ್ತಿರ ಹಿಡಿದ. ಇಲಿ ಕಡಿದರೆ ತಂತಿಯ ಮೈಯೆಲ್ಲ ಹಲ್ಲಿನ ಗುರುತಿರುತ್ತದೆ. ಇದು ನುಣ್ಣಗೆ, ಒಂದೇ ಏಟಿಗೆ, ಕತ್ತರಿಯಲ್ಲಿ ಕತ್ತರಿಸಿದ್ದು.

ಅವನು ಕೆಳಗೆ ನೋಡಿದ. ಅಕ್ಕ ಮೇಲೆ ನೋಡುತ್ತಿದ್ದಳು.

"ಸರಿ ಮಾಡ್ಬೇಡ," ಎಂದಳು, ತುಟಿಯಲ್ಲೇ.

"ಯಾಕೆ?"

"ಅದು ಓಡಿದ್ರೆ ಕಿಟಕಿ ಮುಚ್ತಾರೆ."

ಗುದ್ದಣ್ಣ ಸ್ಟೂಲಿನಿಂದ ಇಳಿದು ಅವಳ ಅಂಗಿಯ ತೋಳನ್ನು ಮೇಲಕ್ಕೆಳೆದ. ಹಳೆಯ ಬಾಸುಂಡೆಗಳು ಹಳದಿಗೆ ತಿರುಗಿದ್ದವು, ಹೊಸವು ನೇರಳೆ ಬಣ್ಣಕ್ಕಿದ್ದವು. ಮೊಣಕೈ ಬಳಿ ಬೆಲ್ಟಿನ ಬಕಲ್ಲು ಅಚ್ಚೊತ್ತಿದಂತೆ ಕೂತಿತ್ತು. ತಾನು ಕೊಟ್ಟ ಯಂತ್ರದ ಸದ್ದು, ತಾನು ಅಂಟಿಸಿದ ರಬ್ಬರು, ಅದರೊಳಗೆ ಇವಳ ಕೂಗು. ಅವನು ಬಾಗಿಲ ಕಡೆ ನುಗ್ಗಿದ. ಅಕ್ಕ ಅವನ ಅಂಗಿ ಹಿಡಿದು ಜಗ್ಗಿದಳು. ಅಂಗಿಯ ಚೂರು ಅವಳ ಕೈಯಲ್ಲಿ ಉಳಿಯಿತು, ಅವನು ಸ್ಪ್ಯಾನರ್ ಹಿಡಿದು ಹಾಲಿನಲ್ಲಿದ್ದ.

"ಆಯ್ತೇನೋ?" ಎಂದು ಭಾವ ಕೇಳಿದ. ಮೊದಲ ಏಟು ಆ ಬಾಯಿಗೇ ಬಿತ್ತು. ಎರಡು ಹಲ್ಲು ಸೋಫಾದ ಮೇಲೆ, ರಕ್ತ ಇಸ್ತ್ರಿ ಅಂಗಿಯ ಮೇಲೆ. ಭಾವ ಮೇಜಿನ ಮೇಲಿದ್ದ ಗಾಜಿನ ಹೂದಾನಿಯನ್ನು ಇವನ ತಲೆಗೆ ಒಡೆದ. ಗುದ್ದಣ್ಣನಿಗೆ ಅದು ತಾಗಿದ್ದೂ ತಿಳಿಯಲಿಲ್ಲ. ಸ್ಪ್ಯಾನರ್ ಬಿಸಾಕಿ, ಭಾವನನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮಂಡಿಯೂರಿ, ಮೂಗಿನ ಎಲುಬು ಲಟಕ್ಕೆನ್ನುವವರೆಗೆ ಗುದ್ದಿದ. ಭಾವ ಕಸಾಯಿಖಾನೆಯ ಕುರಿಯಂತೆ ಕೂಗಿದ. ಆಗ ಗುದ್ದಣ್ಣನ ಕೈಗಳು ಭಾವನ ಕುತ್ತಿಗೆಗೆ ಹೋದವು, ಹೋಗಿ ಬಿಗಿಯತೊಡಗಿದವು. ಕೂಗು ನಿಂತಿತು. ಭಾವನ ಮುಖ ಕಪ್ಪಿಟ್ಟು, ಕಾಲು ನೆಲವನ್ನು ಬಡಿಯತೊಡಗಿತು.

ಅಕ್ಕ ಕೂದಲು ಹಿಡಿದೆಳೆದಳು, ಬೆನ್ನಿಗೆ ಗುದ್ದಿದಳು. ಬೆಟ್ಟಕ್ಕೆ ಗುದ್ದಿದಂತಾಯಿತು. ಕೊನೆಗೆ ಬಗ್ಗಿ ತಮ್ಮನ ಮುಂಗೈಯನ್ನು ಕಚ್ಚಿದಳು, ಹಲ್ಲು ಹಲ್ಲಿಗೆ ಸೇರುವಷ್ಟು. ಅವನು ಕಿರುಚಿ ಕೈ ಬಿಟ್ಟ. ಭಾವ ಹೊರಳಿ, ಬಾಯಿ ತೆರೆದು ಉಸಿರು ಹುಡುಕಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಅಕ್ಕ ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿಕೊಂಡಳು, ತಮ್ಮನನ್ನು ಗೋಡೆಗೆ ದಬ್ಬಿ ಅವನ ಮುಂದೆ ನಿಂತಳು. ಎದುರು ಮನೆಯ ಅಜ್ಜಿ, ಅವಳ ಹಿಂದೆ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಬಾಗಿಲಿಗೆ ಬಂದರು.

"ಅಯ್ಯಯ್ಯೋ, ಯಾರಮ್ಮಾ ಹೊಡ್ದಿದ್ದು?"

"ನಾನು," ಎಂದಳು ಅಕ್ಕ. "ಒಂದೇ ಕೂಗಿಗೆ ಬಂದ್ರಿ. ಒಳ್ಳೇದಾಯ್ತು."

ಮೇಷ್ಟ್ರು ನಾಲಿಗೆ ಲೊಚಗುಟ್ಟಿದರು. "ಏನಮ್ಮಾ ಇದು? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ..."

"ನಮ್ದು ಉಂಡು ಮಲಗಿದ ಮೇಲೇ ಶುರುವಾಗ್ತಿತ್ತು ಮೇಷ್ಟ್ರೇ," ಎಂದು ಅಕ್ಕ ಎರಡೂ ತೋಳು ಮೇಲೆ ಸರಿಸಿದಳು.

ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಆ ತೋಳುಗಳನ್ನು ನೋಡಿದಳು, ಆಮೇಲೆ ನೆಲದ ಮೇಲಿದ್ದವನ ಕಡೆ ತಿರುಗಿದಳು. "ನೀನು ಹೇಳಪ್ಪಾ. ಯಾರು ಹೊಡ್ದಿದ್ದು?"

ಭಾವನಿಗೆ ಆ ಪ್ರಶ್ನೆ ಬಿಸಿತುಪ್ಪವಾಯಿತು. ಹೆಂಡತಿ ಹೊಡೆದಳೆಂದರೆ ಊರು ನಗುತ್ತದೆ. ಭಾವಮೈದುನ ಎಂದರೆ ಯಾಕೆ ಎಂದು ಕೇಳುತ್ತಾರೆ, ಉತ್ತರ ಆ ತೋಳುಗಳ ಮೇಲೆಯೇ ಇದೆ. ಅವನು ರಕ್ತ ಉಗುಳಿದ.

"ಬಿದ್ದೆ," ಎಂದ. "ಸ್ಟೂಲಿಂದ ಬಿದ್ದೆ."

"ಹಾಗಾದ್ರೆ ಇದೂ ಬಿತ್ತು ಅಂದ್ಕೊಳ್ಳಿ," ಎಂದು ಅಕ್ಕ ನೆಲಕ್ಕೂರಿದ್ದ ಅವನ ಬಲಗೈ ಮೇಲೆ ಸ್ಪ್ಯಾನರನ್ನು ಎತ್ತಿ ಹಾಕಿದಳು. ಬೆರಳುಗಳು ಕಡ್ಡಿ ಮುರಿದಂತೆ ಸದ್ದು ಮಾಡಿದವು.

"ಬಿತ್ತು, ನಾನೇ ನೋಡ್ದೆ," ಎಂದಳು ಅಜ್ಜಿ.

ಯಾರೂ ಪೊಲೀಸರನ್ನು ಕರೆಯಲಿಲ್ಲ. ಅಕ್ಕ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ತಮ್ಮನ ಜೊತೆ ಬೀದಿಗಿಳಿದಳು. ಗುದ್ದಣ್ಣನ ತಲೆಯಿಂದಲೂ ಮುಂಗೈಯಿಂದಲೂ ರಕ್ತ ಇಳಿಯುತ್ತಿತ್ತು. ಅವನ ಕೋಪ ಇನ್ನೂ ಇಳಿದಿರಲಿಲ್ಲ. ಅದು ಈಗ ಅಕ್ಕನ ಕಡೆ ತಿರುಗಿತ್ತು.

"ಇಷ್ಟು ವರ್ಷ! ನಂಗೊಂದು ಮಾತು ಹೇಳೋಕಾಗ್ಲಿಲ್ವಾ? ಅಷ್ಟೊಂದು ಹೆದರಿಕೆನಾ ಅವನ ಕೈ ಕಂಡ್ರೆ?"

ಅಕ್ಕ ನಿಂತಳು. ಬಾಯಿಯ ಅಂಚಿಗೆ ಅಂಟಿದ್ದ ತಮ್ಮನ ರಕ್ತವನ್ನು ಬರಿಗೈಯಲ್ಲೇ ಒರೆಸಿಕೊಂಡಳು.

"ಅವನ ಕೈಗಲ್ಲ ಕಣೋ," ಎಂದಳು. "ನಿನ್ನ ಕೈಗೆ. ಹೇಳಿದ ದಿನವೇ ನೀನು ಅವನನ್ನ ಕೊಲ್ತಿದ್ದೆ. ಅವನ ಏಟು ಹೇಗೋ ತಡ್ಕೋಬಹುದಿತ್ತು. ನಿನ್ನನ್ನ ಕಳ್ಕೊಂಡು ಹೇಗೆ ಇರ್ಲಿ?"

ಗುದ್ದಣ್ಣ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಅವು ಇನ್ನೂ ಬಿಗಿದೇ ಇದ್ದವು. ಪೇಟೆಯೆಲ್ಲ ಹೆದರುತ್ತಿದ್ದ ಆ ಮನುಷ್ಯ ಹಾಡುಹಗಲಲ್ಲಿ, ಜನ ಓಡಾಡುವ ಬೀದಿಯ ಪಕ್ಕದಲ್ಲಿ ಕುಸಿದು ಕೂತು, ಗೋಳೋ ಎಂದು ಅತ್ತ.