ಒಳಗಿನ ಚಿಲಕ

ನಿಮ್ಮ ಹತ್ತಿರ ಮುಚ್ಚಿಡುವುದೇನು, ಒಂದೇ ಚುನಾವಣೆಯಲ್ಲಿ ಎದುರಾಳಿಗಳಿಬ್ಬರಿಗೂ ಕರಪತ್ರ ಬರೆದುಕೊಟ್ಟವನು ನಾನು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ ನಿವೃತ್ತಿಯ ಮೇಲೆ ಅಂಟಿಕೊಂಡ ಚಟ ಇದು. ಮಧುಗಿರಿಯಿಂದ ಸಿರಾಕ್ಕೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಹೆಸರು ಮಾತ್ರ ಹೇಳಲಾರೆ. ಪಂಚಾಯಿತಿಯವರು ನಮ್ಮ ಮನೆಗೆ ನಲ್ಲಿ ಹಾಕಿಸುವುದು ಇನ್ನೂ ಬಾಕಿ ಇದೆ.

ರಸ್ತೆ, ಚರಂಡಿಯ ಬಗ್ಗೆ ಬರೆಯುವಾಗ ತಡವರಿಸುವ ನನ್ನ ಪೆನ್ನು ಮಹಿಳೆಯರ ವಿಷಯ ಬಂದರೆ ತಾನಾಗಿಯೇ ಓಡುತ್ತದೆ. ಒಂದು ಸಂಸ್ಕೃತ ಶ್ಲೋಕದಿಂದ ಹೊರಟು, ತೊಟ್ಟಿಲು ತೂಗುವ ಕೈಯನ್ನು ಹಾದು, ಲಿಂಗಸಮಾನತೆಯಲ್ಲಿ ಹೋಗಿ ನಿಲ್ಲುತ್ತದೆ. ಅಷ್ಟು ಬರೆಯುವುದರೊಳಗೆ ನಾನು ಎರಡು ಸಲ 'ಕಾಫಿ' ಎಂದು ಅಡುಗೆಮನೆಯ ಕಡೆಗೆ ಕೂಗಿರುತ್ತೇನೆ.

ಈ ಸಲ ಪಂಚಾಯಿತಿ ಚುನಾವಣೆಗೆ ನಿಂತವರು ಇಬ್ಬರು. ತೆಂಗಿನಕಾಯಿ ಮಂಡಿಯ ರಂಗಸ್ವಾಮಣ್ಣ ಮತ್ತು ಸಂತೆಯಲ್ಲಿ ಹುಣಸೆಹಣ್ಣು ಮಾರುವ ಪುಟ್ಟಕ್ಕ. ಪುಟ್ಟಕ್ಕನಿಗೆ ಬರೆದದ್ದನ್ನು ರಾಗವಾಗಿ ಓದಿ ಹೇಳಿದೆ. ಕೆನ್ನೆಗೆ ಕೈಕೊಟ್ಟು ಕೊನೆಯವರೆಗೂ ಕೇಳಿದಳು.

"ಚೆಂದಾಗೈತೆ ಮೇಷ್ಟ್ರೇ, ಕರ್ಪೂರ ಹಚ್ಚೋದೊಂದು ಬಾಕಿ. ಅದೆಲ್ಲಾ ಅಳಿಸ್ಬುಡಿ. ಸಂತೆ ಮೈದಾನದ ಹೆಂಗಸ್ರ ಕಕ್ಕಸಿಗೆ ಒಳಗಿಂದ ಚಿಲಕ ಹಾಕುಸ್ತೀನಿ ಅಂತ ಬರೀರಿ, ಸಾಕು."

ನನಗೆ ನಗು ಬಂತು. ಒಂದು ಚಿಲಕ ಮಹಿಳಾ ನೀತಿ ಆದೀತೇ?

"ನಗ್ಬ್ಯಾಡಿ. ನೀವು ಗಂಡಸ್ರು ಬೇಲಿ ಕಂಡಲ್ಲಿ ನಿಂತ್ಕತೀರ. ನಾವು ಸಂತೆ ದಿನ ಒಂದು ತೊಟ್ಟು ನೀರು ಕುಡಿಯಾಕಿಲ್ಲ. ಕುಡುದ್ರೆ ಹೋಗ್ಬೇಕಲ್ಲ? ಹೋದ್ರೆ ಬಾಗ್ಲು ಹಿಡ್ಕಳಾಕೆ ಇನ್ನೊಬ್ಳು ಬೇಕು. ಅವಳು ಬಂದ್ರೆ ಅವಳ ಅಂಗ್ಡಿ ಯಾರು ನೋಡ್ತಾರೆ? ಹೋದ್ವರ್ಷ ಉರಿಮೂತ್ರ ಆಗಿ ಎಂಟು ದಿನ ಮಲಗ್ಬುಟ್ಟಿದ್ದೆ."

ನನಗೆ ನಾಚಿಕೆಯಾಯಿತು. ಚಿಕ್ಕಂದಿನಿಂದ ಆ ಸಂತೆಗೆ ಹೋಗುತ್ತಿದ್ದೇನೆ. ಹುಣಸೆಹಣ್ಣಿನಲ್ಲಿ ಬೀಜ ಉಳಿದಿದೆಯೇ ಎಂದು ಹಿಚುಕಿ ನೋಡಿದ್ದೇನೆಯೇ ಹೊರತು, ಮಾರುವವಳಿಗೆ ಬಾಯಾರಿದೆಯೇ ಎಂದು ನೋಡಿದವನಲ್ಲ.

ಆಮೇಲೆ ಕೆಲವು ದಿನ ಚಿಲಕಗಳದ್ದೇ ಚಿಂತೆ. ನಮ್ಮ ಅಜ್ಜಿಯ ಮನೆಯಲ್ಲಿ ಬೆಲ್ಲದ ಪೆಟ್ಟಿಗೆಗೆ ಅಂಗೈಯಗಲದ ಬೀಗವಿತ್ತು, ಬಚ್ಚಲಿಗೆ ಒಂದು ಗೋಣಿತಾಟು. ಹಿಂದಿನವರು ಬೆಲ್ಲಕ್ಕೆ ಬೀಗ ಮಾಡಿಸಿದರು, ಹೆಂಗಸರಿಗೆ ಶ್ಲೋಕ ಬರೆದರು. ಆ ಪರಂಪರೆಯನ್ನು ನಾನೂ ನಿಷ್ಠೆಯಿಂದ ಮುಂದುವರಿಸಿದ್ದೆ.

ಅಷ್ಟರಲ್ಲಿ ರಂಗಸ್ವಾಮಣ್ಣ ಬಂದ. ಮಹಿಳೆಯರ ಬಗ್ಗೆ ಅವನ ನಿಲುವು ಚುಟುಕಾಗಿತ್ತು. "ಹೆಣ್ಮಕ್ಳಿಗೆ ಏನಾರ ಚೆನ್ನಾಗಿರೋದು ಹಾಕ್ಬುಡಿ ಸಾ. ಓದಿದ್ರೆ ಕಣ್ಣಲ್ಲಿ ನೀರು ಬರ್ಬೇಕು."

ನಾನು ಪುಟ್ಟಕ್ಕನ ಸಾಲನ್ನೇ ಇಳಿಸಿ, 'ಗೆದ್ದ ತಿಂಗಳೊಳಗೆ' ಎಂದು ಸೇರಿಸಿದೆ. ಯಾರು ಗೆದ್ದರೂ ಚಿಲಕ ಬೀಳಲಿ ಎಂಬುದು ನನ್ನ ಲೆಕ್ಕ. ಪುಟ್ಟಕ್ಕನನ್ನು ಕೇಳಲಿಲ್ಲ. ರಂಗಸ್ವಾಮಣ್ಣ ಓದಲಿಲ್ಲ. ತನ್ನ ಕರಪತ್ರವನ್ನು ತಾನು ಓದುವ ಅಭ್ಯರ್ಥಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಪುಟ್ಟಕ್ಕ ಸೋತಳು. ಅವತ್ತು ನನಗೆ ಊಟ ಸೇರಲಿಲ್ಲ.

ತಿಂಗಳು ಕಳೆಯಿತು, ಚಿಲಕ ಬರಲಿಲ್ಲ. ಒಂದು ಸಂತೆಯ ದಿನ ಹತ್ತಾರು ಹೆಂಗಸರು ಪುಟ್ಟಕ್ಕನ ಹಿಂದೆ ಮಂಡಿಗೆ ಹೋಗಿ, ರಂಗಸ್ವಾಮಣ್ಣನ ಕೈಗೆ ಅವನದೇ ಕರಪತ್ರ ಕೊಟ್ಟರಂತೆ. ಅವನು ಮೊದಲ ಬಾರಿ ಅದನ್ನು ಓದಿ, "ಯಾವನ್ಲಾ ಇದ್ನ ಬರ್ದೋನು?" ಎಂದು ಕೂಗಿದನಂತೆ. ಸುದ್ದಿ ಊರೆಲ್ಲ ಹಬ್ಬುವ ಹೊತ್ತಿಗೆ ನಾನು ಸಿದ್ದರಬೆಟ್ಟ ಹತ್ತುತ್ತಿದ್ದೆ. ಭಕ್ತಿ ಹೆಚ್ಚಾಗಿ ಅಲ್ಲ. ಮುಂದಿನ ಸಂತೆಯೊಳಗೆ ಚಿಲಕ ಬಿತ್ತು.

ಮೊನ್ನೆ ಸಂತೆಗೆ ಹೋದಾಗ ಪುಟ್ಟಕ್ಕ ಕರೆದಳು. "ನನ್ನ ಮಾತ್ನ ಅವ್ನಿಗೂ ಕೊಟ್ಬುಟ್ರಲ್ಲ ಮೇಷ್ಟ್ರೇ. ನಾನು ಸೋತಿದ್ದು ನಿಮ್ಮಿಂದ್ಲೇ ಇರ್ಬೈದು."

ಇರಬಹುದು. ತಲೆ ತಗ್ಗಿಸಿ ನಿಂತೆ.

ಅವಳು ಮೂಟೆಯ ಹಿಂದಿನಿಂದ ಚೊಂಬು ತೆಗೆದಳು. ತಲೆ ಮೇಲೆತ್ತಿ, ತಳ ಕಾಣುವವರೆಗೆ ಗಟಗಟ ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಬಾಗ್ಲು ಹಿಡ್ಕಳಾಕೆ ಯಾರೂ ಬ್ಯಾಡ ಈಗ. ನೀವು ಅಂಗ್ಡಿ ನೋಡ್ಕಳಿ, ಬಂದೆ" ಎಂದು ನಕ್ಕು, ಒಬ್ಬಳೇ ನಡೆದಳು.

ನಾನು ಪಂಚೆ ಮಡಚಿ ಹುಣಸೆಹಣ್ಣಿನ ರಾಶಿಯ ಹಿಂದೆ ಕೂತೆ. ಮಹಿಳೆಯರ ಪರವಾಗಿ ಅಷ್ಟೊಂದು ಬರೆದಿದ್ದ ನಾನು, ಅವರಿಗಾಗಿ ಕೆಲಸ ಅಂತ ಮಾಡಿದ್ದು ಅದೇ ಮೊದಲು.