ಗೋಡೆ ಮಣ್ಣು ತಿಂದಿದ್ದ ಕಾಲ

ಆಸ್ಪತ್ರೆ ಅಂಗಳದಲ್ಲಿ ಯಾರೋ ಹೂವಿನ ಗಿಡಕ್ಕೆ ನೀರು ಹಾಕಿದರು. ಒಣಮಣ್ಣು ನೆಂದ ವಾಸನೆ ಬಂತು. ಮೊಮ್ಮಗಳನ್ನ ಎತ್ಕೊಂಡು ಬೀಗ್ತಾ ನಿಂತಿದ್ದವಳಿಗೆ ಬಾಯಲ್ಲಿ ನೀರೂರಿಬಿಡ್ತು. ಈ ವಯಸ್ಸಲ್ಲಿ! ಯಾರಾದರೂ ನೋಡಿದರಾ ಅಂತ ಸೆರಗು ಬಾಯಿಗೆ ಅಡ್ಡ ಹಿಡಿದೆ.

ಇಸವಿ ತೊಂಬತ್ಮೂರೋ ತೊಂಬತ್ನಾಲ್ಕೋ ಇರಬೇಕು. ಮಗಳು ಹೊಟ್ಟೆಯಲ್ಲಿದ್ದಳು, ನಾನು ಮಣ್ಣು ತಿಂತಿದ್ದೆ. ಅರಕೆರೆಯಲ್ಲಿ ನಮ್ಮ ಹಿತ್ತಿಲಿಗೂ ಪಕ್ಕದ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಪಾತ್ರೆ ತಿಕ್ಕೋ ನೆಪದಲ್ಲಿ ಅದಕ್ಕೆ ನೀರು ಚಿಮುಕಿಸಿ, ಎದ್ದು ಬಂದ ಚಕ್ಕೇನ ಬಾಯಿಗೆ ಹಾಕ್ಕೊಂಡರೆ... ಏನು ಹೇಳಲಿ, ಒಬ್ಬಟ್ಟು ಕೊಟ್ಟರೂ ಬೇಡ ಅನ್ನಿಸೋದು.

ಗೋಡೆಯಲ್ಲಿ ಗುಳಿ ಬಿದ್ದದ್ದನ್ನ ಕಂಡು ನಮ್ಮತ್ತೆ, "ಎಗ್ಗಣ ಕೊರೀತಾವೆ" ಅಂದರು.

"ಊಂ ಕಣಕ್ಕ, ಬಳೆ ತೊಟ್ಕಂಡಿರೋ ಎಗ್ಗಣ" ಅಂತ ಪಕ್ಕದ ಮನೆ ದೊಡ್ಡವ್ವ ನನ್ನ ಕಡೆ ನೋಡಿದರು. ಅತ್ತೆಗೆ ಅರ್ಥವಾಗಲಿಲ್ಲ, ಸದ್ಯ. ನನಗೆ ಮಾತ್ರ ನಿಂತಲ್ಲೇ ಕರಗಿಹೋಗೋ ಹಂಗಾಯ್ತು.

ಅತ್ತೆ ಒಳಗೆ ಹೋದ ಮೇಲೆ ದೊಡ್ಡವ್ವ ನನ್ನ ಕಣ್ಣಿನ ರೆಪ್ಪೆ ಕೆಳಕ್ಕೆ ಎಳೆದು ನೋಡಿದರು. "ರಕ್ತವೇ ಇಲ್ವಲ್ಲೇ! ನನ್ ಮಗ್ಳಿಗೂ ಇಂಗೇ ಆಗಿತ್ತು. ಆಸ್ಪತ್ರೇಲಿ ಕಬ್ಬಿಣದ ಮಾತ್ರೆ ಕೊಡ್ತಾರೆ, ಬಾ ನಾನೇ ಕರ್ಕಂಡೋಗ್ತೀನಿ. ನಿನ್ ಮೈಯಲ್ಲೇ ಇಲ್ದಿದ್ದು ಕೂಸ್ಗೆ ಎಲ್ಲಿಂದ ಬತ್ತದೆ?"

ನಾನು ಹೋಗಲಿಲ್ಲ. ಮಣ್ಣು ತಿಂತೀನಿ ಅಂತ ಡಾಕ್ಟರ ಮುಂದೆ ಹೆಂಗೆ ಬಾಯಿ ಬಿಡೋದು? ಮನೆಯಲ್ಲಿ ಮರಿ ಕುಯ್ದರೆ ರಕ್ತ ತುಂಬೋ ಈಲಿ, ಅದೇ ಲಿವರ್ರು, ಗಂಡಸರ ತಟ್ಟೆಗೆ ಹೋಗೋದು. ದೊಡ್ಡವ್ವ ತಮ್ಮ ಮನೆಯ ಈಲಿ ಹುರಿದು, ಎಲೆಯಲ್ಲಿ ಸುತ್ತಿ, ಗೋಡೆ ಮೇಲಿಂದ ನೀಡೋರು. ಅಷ್ಟೊತ್ತಿಗೆ ಎಂಟು ತಿಂಗಳು ತುಂಬಿತ್ತು...

ಮಗಳು ಇಲಿಮರಿ ಹಂಗೆ ಹುಟ್ಟಿದಳು, ಬಿಳಿಚ್ಕೊಂಡು. ತಾಯಿಗೇ ರಕ್ತ ಕಮ್ಮಿ, ಮಗೂಗೂ ಸಾಕಾಗಿಲ್ಲ ಅಂದರು ಡಾಕ್ಟರು. ಬೆಳೆಯೋವಾಗಲೂ ಅಷ್ಟೇ, ಆಡೋಕೆ ಹೋದವಳು ಏದುಸಿರು ಬಿಡ್ತಾ ಜಗಲಿ ಮೇಲೆ ಕೂತ್ಕೊಳ್ಳೋಳು.

ಬಾಣಂತನದಲ್ಲಿ ದೊಡ್ಡವ್ವ ಗೋಡೆ ಆಚೆಯಿಂದ ಕೂಗ್ತಿದ್ದರು, "ಎಗ್ಗಣವ್ವಾ, ಕೂಸ್ನ ಒಂದ್ಕಿತ ತೋರ್ಸೇ!" ನಾನು ನಿದ್ದೆ ಬಂದವಳ ಹಂಗೆ ಮಗ್ಗುಲಾಗ್ತಿದ್ದೆ. ಆ ಕೂಸಿನ ಮುಖ ನೋಡಿದರೆ ಅವರಿಗೆ ಎಲ್ಲಾ ಗೊತ್ತಾಗ್ತದಲ್ಲ... ಸ್ವಲ್ಪ ಮೈ ತುಂಬ್ಕೊಳ್ಳಲಿ, ಆಮೇಲೆ ತೋರಿಸ್ತೀನಿ ಅಂದ್ಕೊಂಡೆ. ಅಷ್ಟರಲ್ಲಿ ಅವರು ನಾಗಮಂಗಲಕ್ಕೆ, ಮಗಳ ಮನೆಗೆ ಹೋದರು. ಅಲ್ಲೇ ತೀರ್ಕೊಂಡರು ಅಂತ ಸುದ್ದಿ ಬಂತು.

ಅದೇ ನನ್ನ ಮಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿ ಹೆತ್ತಿರೋ ಕೂಸು ಇದು. ಕೆಂಪಗೆ, ಗುಂಡಗೆ ಐತೆ, ಅತ್ತರೆ ಆಸ್ಪತ್ರೆ ಸೂರು ಕಿತ್ತೋಗೋ ಹಂಗೆ! ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ತಿಲ್ಲ. ಕಸ ಗುಡಿಸೋರಿಗೆ, ಟೀ ಮಾರೋರಿಗೆ, ಕಂಡೋರಿಗೆಲ್ಲ ತೋರಿಸ್ತಾ ಇದೀನಿ.

ಇದರ ಅವ್ವನ್ನ ಮಾತ್ರ ದೊಡ್ಡವ್ವಂಗೆ ಒಂದು ಸಲವೂ ತೋರಿಸಲಿಲ್ಲ.