ಅವ್ವ ಬಾಯಿಬಿಟ್ಟು ಹೇಳದ ಹೆಸರು

ಹೋದ ವರ್ಷ ಯುಗಾದಿ ಮುಗಿದ ವಾರ. ಯಲಬುರ್ಗಾ ಹತ್ತಿರದ ಒಂದು ಹಳ್ಳಿಯವರು ಸ್ಮಾರಕದ ನಕ್ಷೆ ಬರೆಸಲು ನನ್ನ ಹತ್ತಿರ ಬಂದರು. ನಿಜಾಮನ ಕಡೆಯ ರಜಾಕಾರರ ಹಾವಳಿಯ ಕಾಲದಲ್ಲಿ ಆ ಊರ ಅಗಸಿಯಲ್ಲಿ, ಅಂದರೆ ಊರಬಾಗಿಲಲ್ಲಿ, ಒಂದೇ ದಿನ ಗುಂಡಿಗೆ ಬಲಿಯಾದವರ ಸ್ಮಾರಕ. ನಾನು ಕುಷ್ಟಗಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಬಲು ಹುಮ್ಮಸ್ಸಿನಿಂದ ಎತ್ತರದ ಕಂಬ, ತುದಿಗೊಂದು ಖಡ್ಗ ಬರೆದೆ.

ಮನೆಮನೆ ತಿರುಗಿ ಸತ್ತವರ ಹೆಸರು ಕೂಡಿಸಿದ್ದವರು ಆ ಊರಿನ ಟೇಲರ್ ಖಾಜಾಸಾಬರು. ಪಟ್ಟಿಯ ಕೊನೆಯಲ್ಲಿ ಬರೀ ‘ಬಡಿಗೇರ’ ಎಂದಿತ್ತು. ಬೇರೆ ಕಡೆಯಿಂದ ಮರಗೆಲಸಕ್ಕೆ ಬಂದಿದ್ದ ಆತನನ್ನು ಊರೆಲ್ಲ ಕಸುಬಿನಿಂದಲೇ ಕರೆಯುತ್ತಿತ್ತಂತೆ. ಆತ ಸತ್ತ ಮೇಲೆ ಬಸುರಿ ಹೆಂಡತಿ ಕಾರಟಗಿ ಕಡೆಯ ತವರಿಗೆ ಹೋಗಿಬಿಟ್ಟಿದ್ದಳು. ಆಗ ಹೊಟ್ಟೆಯಲ್ಲಿದ್ದ ಮಗಳು ಗಂಗವ್ವನನ್ನು ಖಾಜಾಸಾಬರು ಹುಡುಕಿ, ಒಂದು ಮಧ್ಯಾಹ್ನ ನಮ್ಮ ಮನೆಗೇ ಕರೆತಂದರು. ಎಂಬತ್ತರ ಹತ್ತಿರದ ಮುದುಕಿ.

“ನಿಮ್ಮ ಅಪ್ಪಾರ ಹೆಸರೇನ್ರಿ ಯವ್ವಾ?” ಎಂದು ಕೇಳಿದೆ.

“ಗೊತ್ತಿಲ್ರಿ ಸರ. ಗಂಡನ ಹೆಸರು ಹೇಳಬಾರದು ಅಂತ ನಮ್ಮವ್ವ ಸಾಯೂತನಕ ಬಾಯಿ ಬಿಡಲಿಲ್ಲ. ಕೇಳಿದ್ರ ಅಳತಿದ್ಲು. ಹೇಳೂ ಹಿರಿಯರೂ ಲಗೂನ ಹೋಗಿಬಿಟ್ರು.”

ಮರುದಿನವೇ ಕಲ್ಲು ಕೆತ್ತುವವನಿಗೆ ನಕ್ಷೆ ಕೊಡಬೇಕಿತ್ತು. “ಇರಲಿ ಬಿಡ್ರಿ, ಬಡಿಗೇರ ಅಂತ ಹಾಕಿದ್ರ ಆತು” ಎಂದುಬಿಟ್ಟೆ.

ಮುದುಕಿ ಸೆಟೆದು ಕುಳಿತಳು. “ಅವರು ಕಸುಬು ಕೊಂದಿಲ್ರಿ ಸರ. ನಮ್ಮಪ್ಪನ್ನ ಕೊಂದಾರ.”

ಚಹಾ ತಂದ ನನ್ನ ಹೆಂಡತಿ ಅವಳ ಪಕ್ಕದಲ್ಲೇ ಕುಳಿತು, “ಯವ್ವಾ, ನಿಮ್ಮವ್ವ ಒಡಪು ಏನರ ಹೇಳತಿದ್ಲೇನ್ರಿ?” ಎಂದಳು. ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿದ್ದುದು ಮದುವೆ, ಬಸುರಿಯ ಕುಬಸದಂಥ ಕಾರ್ಯಗಳಲ್ಲಿ, ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ ಮಾತ್ರ.

“ಗಂಡನ್ನ ಕಳಕೊಂಡಾಕಿ ಎಲ್ಲೀ ಒಡಪು ತಂಗೀ?” ಎಂದಳು ಗಂಗವ್ವ. ಮತ್ತೆ ಏನೋ ನೆನಪಾಗಿ, “ಒಬ್ಬಾಕೀನ ಬೀಸೂವಾಗ ಒಂದು ಪದ ಅಂತಿದ್ಲು ನೋಡು. ನಾ ಬಂದ್ರ ಸುಮ್ಮನಾಗತಿದ್ಲು” ಎಂದು ಸಣ್ಣ ದನಿಯಲ್ಲಿ ಹೇಳಿದಳು:

“ಬೇವಿನ ಕಟಗಿ ತಂದು ಹೊಸ ಬಾಗಲ ಮಾಡ್ಯಾರ,
ಹೊಸ್ತಿಲ ದಾಟಿ ಒಳಗ ಬಾ ಅಂತ ಮಾನಪ್ಪ ಕರದಾರ.”

“ಯವ್ವಾ, ಇದು ಒಡಪ ಐತ್ರಿ” ಎಂದಳು ನನ್ನ ಹೆಂಡತಿ. ಖಾಜಾಸಾಬರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. “ಬೀಸೂ ಪದ ಅಂತ ತಿಳಕೊಂಡಿದ್ನಲ್ಲ ನನ್ನವ್ವಾ!” ಎಂದು ಗಂಗವ್ವ ಗೋಳೋ ಎಂದು ಅತ್ತಳು.

ಖಡ್ಗದ ನಕ್ಷೆಯನ್ನು ಅಂದೇ ಹರಿದು ಹಾಕಿದೆ. ಈಗ ಆ ಅಗಸಿಯಲ್ಲಿರುವುದು ಕಲ್ಲಿನದೊಂದು ಬಾಗಿಲ ಚೌಕಟ್ಟು. ಹೆಸರುಗಳೆಲ್ಲ ಅದರ ಮೇಲಿವೆ. ಅನಾವರಣದ ದಿನ, ಓದು ಬಾರದ ಗಂಗವ್ವ ನನ್ನ ಕೈ ಹಿಡಿದು “ಎಲ್ಲಿ ಅದಾನ್ರಿ?” ಎಂದಳು. ಅವಳ ಬೆರಳನ್ನು ಅಕ್ಷರಗಳ ಮೇಲಿಟ್ಟೆ. ಒಂದೊಂದನ್ನೂ ಸವರಿ, “ಯಪ್ಪಾ” ಎಂದು ಕರೆದು, ಹೊಸ್ತಿಲು ದಾಟಿ ಒಳಗೆ ಹೋದಳು.

ಆ ಹೆಸರಿನ ಜಾಗದಲ್ಲಿ ಬರೀ ಕಸುಬು ಕೆತ್ತಿಸಲು ಹೊರಟಿದ್ದೆನಲ್ಲ ಎಂಬ ಸಂಕಟ ಇನ್ನೂ ನನ್ನನ್ನು ಬಿಟ್ಟಿಲ್ಲ. ಈಗ ಯಾರೇ ಮನೆಗೆ ಬಂದರೂ ಮೊದಲು ಹೆಸರು ಕೇಳುತ್ತೇನೆ.